ಎಪ್ಪತ್ತಾರು ಸೆಂಟಿಮೀಟರಿನಲ್ಲಿ ಹತ್ತು ಗಂಟೆ

ಇಷ್ಟಕ್ಕೆಲ್ಲ ಕಾರಣ ಒಂದು ನರಳಾಟ.

ಹೋದ ಬೇಸಿಗೆಯಲ್ಲಿ ಮೆತೋದಿ ಮತ್ತು ಅವನ ಹೆಂಡತಿ ವೆನೆತಾ ಗ್ರೀಸಿನ ಸಮುದ್ರಕ್ಕೆಂದು ನಮ್ಮೂರು ಪ್ಲೆವೆನ್‌ನಲ್ಲಿ ಬಸ್ಸು ಹತ್ತಿದ್ದರು. ಊರು ದಾಟುವ ಮೊದಲೇ ಮೆತೋದಿ "ಅಯ್ಯೋ ಸೊಂಟ" ಎಂದ. ರಾಜಧಾನಿ ಸೋಫಿಯಾ ಬರುವಷ್ಟರಲ್ಲಿ ಸೊಂಟದ ಜೊತೆ ಮಂಡಿ, ಮಂಡಿಯ ಜೊತೆ ಕತ್ತು ಸೇರಿಕೊಂಡವು. ಗಡಿಯ ಹತ್ತಿರ ಡ್ರೈವರು ಬಸ್ಸು ನಿಲ್ಲಿಸಿ, "ಅಮ್ಮಾ, ಇವರಿಗೆ ಆಂಬುಲೆನ್ಸ್ ಕರೆಸ್ಲಾ, ಇಲ್ಲಾ ಪಾದ್ರೀನ ಕರೆಸ್ಲಾ?" ಎಂದು ಕೇಳಿದ. ಗಂಡ ಹೆಂಡತಿ ಅಲ್ಲೇ ಇಳಿದು, ಎದುರು ದಿಕ್ಕಿನ ಬಸ್ಸು ಹಿಡಿದು ಮನೆಗೆ ವಾಪಸಾದರು. ವೆನೆತಾಳ ಹೊಸ ಈಜುಡುಗೆಗೆ ಒಂದು ಹನಿ ನೀರೂ ತಾಕಲಿಲ್ಲ. ಆಮೇಲೆ ಒಂದು ವಾರ ಅವಳು ಗಂಡನ ಜೊತೆ ಮಾತಾಡಿದ್ದು ಉಪ್ಪು ಬೇಕಾ ಬೇಡವಾ ಎನ್ನುವಷ್ಟು ಮಾತ್ರ.

ಈ ಸೆಪ್ಟೆಂಬರಿನಲ್ಲಿ ಥಾಯ್ಲೆಂಡಿನ ದ್ವೀಪವೊಂದಕ್ಕೆ ಹೋಗುವ ಪ್ರವಾಸ ದಿಢೀರನೆ ಸೋವಿಯಾಯಿತು. ಅಲ್ಲಿ ಮಳೆಗಾಲವಂತೆ, ಅದಕ್ಕೆ. ಬುಧವಾರ ಹೊರಟರೆ ಹದಿನಾಲ್ಕು ದಿನ. ಇಸ್ತಾಂಬುಲಿನಿಂದ ವಿಮಾನದಲ್ಲಿ ಹತ್ತು ಗಂಟೆ. ಏಜೆನ್ಸಿಯ ಹುಡುಗಿ ಎರಡು ಸೀಟು ಹಿಡಿದಿಟ್ಟಿದ್ದಳು. ಭಾನುವಾರ ಸಂಜೆ ಎಂಟರೊಳಗೆ ಅವಳಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಮೆತೋದಿಗೆ ಆ ಪ್ರವಾಸ ಬೇಕೇ ಬೇಕಿತ್ತು. ಅದು ಸಮುದ್ರಕ್ಕಾಗಿಯಲ್ಲ, ಅವನಿಗೆ ಈಜು ಬಾರದು. ಅವನು ನಮ್ಮ ನಲವತ್ತೊಂದನೆಯ ಬ್ಲಾಕಿನ ಉಸ್ತುವಾರಿ. ಎಂಟು ಮಹಡಿ, ಇಪ್ಪತ್ತನಾಲ್ಕು ಮನೆ. ಲಿಫ್ಟು ನಿಂತರೆ, ಮೆಟ್ಟಿಲ ದೀಪ ಹೋದರೆ, ಯಾರದೋ ನಾಯಿ ಇನ್ಯಾರದೋ ಕಾಲೊರಸಿನ ಮೇಲೆ ಮಾಡಬಾರದ್ದು ಮಾಡಿದರೆ ಎಲ್ಲರೂ ಬಂದು ಒತ್ತುವುದು ಆರನೆಯ ಮಹಡಿಯ ಅವನ ಮನೆಯ ಗಂಟೆಯನ್ನೇ. ಸಂಬಳವಿಲ್ಲ, ಗೌರವವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ. ಒಂಬತ್ತು ವರ್ಷದ ಹಿಂದೆ ಸಭೆಗೆ ಐದು ನಿಮಿಷ ತಡವಾಗಿ ಬಂದ ತಪ್ಪಿಗೆ ಈ ಪದವಿ ಅವನ ಕೊರಳಿಗೆ ಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು ಆಮೇಲೆ ಹನ್ನೊಂದು ಸಲ ಸಭೆ ಕರೆದ. ಹನ್ನೊಂದು ಸಲವೂ ಬಂದದ್ದು ಅವನು ಮತ್ತು ಮೆಟ್ಟಿಲ ಕೆಳಗಿನ ಬೆಕ್ಕು. ಹೋದರೆ ಎಲ್ಲಿ ತನ್ನನ್ನೇ ಆರಿಸಿಬಿಡುತ್ತಾರೋ ಎಂದು ಎಲ್ಲರಿಗೂ ಭಯ. ನಾನೂ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೀಗಾಗಿ ಮೆತೋದಿ ತಪ್ಪಿಸಿಕೊಳ್ಳುವುದರಲ್ಲಿ ಪಳಗಿಹೋಗಿದ್ದ. ಬೆಳಗಿನ ಐದಕ್ಕೇ ಕಸ ಹಾಕಿ ಬರುತ್ತಿದ್ದ. ಮೆಟ್ಟಿಲಿಳಿಯುವಾಗ ಶೂ ಕೈಯಲ್ಲಿ ಹಿಡಿದಿರುತ್ತಿದ್ದ. ಗಂಟೆ ಬಾರಿಸಿದರೆ ಟೀವಿಯ ಸದ್ದಡಗಿಸಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಐವತ್ತೇಳರ ವಯಸ್ಸಿನಲ್ಲಿ ಅವನಿಗಿದ್ದದ್ದು ಒಂದೇ ಆಸೆ. ಹದಿನಾಲ್ಕು ದಿನ ತನ್ನ ಮನೆಯ ಗಂಟೆಯ ಸದ್ದು ಕೇಳಿಸದ ಜಾಗದಲ್ಲಿರಬೇಕು.

ಶನಿವಾರ ಸಂಜೆ ಅವನು ವಿಮಾನದ ಕೈಬ್ಯಾಗು ಕಟ್ಟಿಕೊಳ್ಳುತ್ತಿದ್ದ. ವೆನೆತಾ ಬಂದು ಅದನ್ನು ಬಚ್ಚಲಿನ ತೂಕದ ಯಂತ್ರದ ಮೇಲಿಟ್ಟಳು. ಹನ್ನೆರಡು ಕಿಲೋ ತೋರಿಸಿತು. ಏಳು ಕಿಲೋ ಮೀರುವಂತಿರಲಿಲ್ಲ. ಅವಳು ಒಂದೊಂದೇ ಹೊರಗೆ ತೆಗೆದಳು. ಕತ್ತಿನ ದಿಂಬು, ಸೊಂಟದ ದಿಂಬು, ಊದಿ ಹಿಗ್ಗಿಸುವ ಕಾಲುಮಣೆ, ಕಣ್ಣುಪಟ್ಟಿ, ನಾಲ್ಕು ಬಗೆಯ ನೋವಿನ ಮುಲಾಮು, ರಕ್ತ ಹೆಪ್ಪುಗಟ್ಟದಂತೆ ಹಾಕುವ ಬಿಗಿ ಕಾಲುಚೀಲ. ತಳದಲ್ಲಿ ಒಂದು ದೊಡ್ಡ ಬಾಟಲಿ.

"ಇದೇನಿದು?"

"ಲ್ಯೂತೆನಿತ್ಸಾ."

"ವಿಮಾನದಲ್ಲಿ ಮೆಣಸಿನಕಾಯಿ ಗೊಜ್ಜು ಯಾಕೆ?"

"ಅಲ್ಲಿನ ಊಟ ಹಿಡಿಸ್ಲಿಲ್ಲ ಅಂದ್ರೆ?"

ವೆನೆತಾ ಮಂಚದ ಮೇಲೆ ಕೂತಳು. ಮೂವತ್ತು ವರ್ಷ ಸರಕಾರಿ ಕ್ಲಿನಿಕ್ಕಿನ ಕಿಟಕಿಯ ಹಿಂದೆ ಕೂತು ರೋಗಿಗಳಿಗೆ ಸರದಿ ಚೀಟಿ ಹಂಚಿದವಳು ಅವಳು. ವಸಂತದಲ್ಲಿ ನಿವೃತ್ತಿಯಾಗಿತ್ತು. ಎದುರಿಗೆ ನಿಂತವನು ಎಷ್ಟು ಹೊತ್ತು ತಡೆದಾನು ಎಂಬುದನ್ನು ಮುಖ ನೋಡಿಯೇ ಹೇಳಬಲ್ಲಳು.

"ಮೆತೋ, ನಿಜ ಹೇಳು. ಹತ್ತು ಗಂಟೆ ಕೂರೋಕಾಗುತ್ತಾ ನಿನ್ನ ಕೈಲಿ? ಆಕಾಶದ ಮಧ್ಯ ಇಳಿಸಿ ಅನ್ನೋಕಾಗಲ್ಲ."

"ಕೂರ್ತೀನಿ. ಆಣೆಗೂ ಕೂರ್ತೀನಿ."

"ಬಾಯಿಮಾತು ಬೇಡ. ನಾಳೆ ಇಲ್ಲೇ ಕೂತು ತೋರ್ಸು. ಬೆಳಿಗ್ಗೆ ಹತ್ತರಿಂದ ಸಂಜೆ ಎಂಟರ ತನಕ. ಎರಡು ಸಲ ಬಚ್ಚಲಿಗೆ ಹೋಗಬಹುದು, ಅಷ್ಟೆ. ಒಂದೇ ಒಂದು ಸಲ ನರಳಿದ್ರೂ ಆ ಹುಡುಗಿಗೆ ಊಹೂಂ ಅಂತೀನಿ. ಕೊನೇ ತನಕ ಕೂತೆ ಅಂದ್ರೆ ಹೂಂ ಅಂತೀನಿ."

ಮೆತೋದಿ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಅವನಿಗೆ ಹುರುಪೂ ಬಂತು. ನೀರಿನ ಮೀಟರು ರಿಪೇರಿ ಅವನ ಕೆಲಸ. ಅಳತೆ ಎಂದರೆ ಪ್ರಾಣ. ವಿಮಾನದ ಒಂದು ಸೀಟಿನ ಬೆನ್ನಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಎಪ್ಪತ್ತಾರು ಸೆಂಟಿಮೀಟರು ಎಂದು ಪತ್ತೆ ಮಾಡಿದ. ಭಾನುವಾರ ಬೆಳಿಗ್ಗೆ ನಡುಮನೆಯ ಕಿಟಕಿಯ ಪಕ್ಕ ಒಂದು ಕುರ್ಚಿ, ಅದರ ಮುಂದೊಂದು ಕುರ್ಚಿ ಇಟ್ಟು ಟೇಪು ಹಿಡಿದು ಮೂರು ಸಲ ಅಳೆದ. ಪಕ್ಕದ ಸೀಟಿಗೂ ಹಿಂದಿನ ಸೀಟಿಗೂ ಕುರ್ಚಿ ಸಾಲದೆ ಬಂದವು. ವೆನೆತಾ ಮೂರನೆಯ ಮಹಡಿಯ ಸ್ಪಾಸನ ಮನೆಗೆ ಹೋಗಿ ಎರಡು ಕೇಳಿದಳು. ಯಾಕೆ ಎಂದು ಸ್ಪಾಸ ಕೇಳಿದ. ವೆನೆತಾ ಹೇಳಿದಳು. ಆ ದಿನದ ಕತೆ ಕೆಟ್ಟದ್ದು ಅಲ್ಲೇ.

ಹತ್ತು ಗಂಟೆಗೆ ಸರಿಯಾಗಿ ಮೆತೋದಿ ಬಿಗಿ ಕಾಲುಚೀಲ ಏರಿಸಿ, ಕತ್ತಿಗೆ ದಿಂಬು ಸಿಕ್ಕಿಸಿ, ಸ್ನಾನದ ನಿಲುವಂಗಿಯ ನಡುಪಟ್ಟಿಯಿಂದ ತನ್ನನ್ನು ಕುರ್ಚಿಗೆ ಕಟ್ಟಿಕೊಂಡು ಕೂತ. ಬ್ಯಾಗು ಮುಂದಿನ ಕುರ್ಚಿಯ ಕೆಳಗಿತ್ತು. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಚಳಿಗಾಲದ ಗೊಜ್ಜಿಗೆಂದು ಊರಿಗೆ ಊರೇ ಸುಡುತ್ತಿದ್ದ ದಪ್ಪ ಮೆಣಸಿನಕಾಯಿಯ ಪರಿಮಳ ಬರುತ್ತಿತ್ತು. ಇಷ್ಟೇನಾ ಎನ್ನಿಸಿತು ಅವನಿಗೆ. ಸುಖವಾಗಿ ಕಣ್ಣು ಮುಚ್ಚಿದ.

ಹತ್ತೂ ಹತ್ತಕ್ಕೆ ಗಂಟೆ ಬಾರಿಸಿತು.

ಮೆತೋದಿ ಅಭ್ಯಾಸಬಲದಿಂದ ಎದ್ದು ಬಾಗಿಲ ಹಿಂದೆ ಅವಿತುಕೊಳ್ಳಲು ಹೋದ. ನಡುಪಟ್ಟಿ ಹಿಡಿದು ಕೂರಿಸಿತು.

ಬಂದವನು ಸ್ಪಾಸ, ಎರಡೂ ಕುರ್ಚಿ ಹೊತ್ತುಕೊಂಡು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತನಾದವನು. ನೂರಿಪ್ಪತ್ತು ಕಿಲೋ ಇದ್ದಾನೆಂದು ಅವನೇ ಹೇಳುತ್ತಾನೆ, ಕೇಳಿದವರು ಕಡಿಮೆಯಾಯಿತು ಎನ್ನುತ್ತಾರೆ.

"ನಿಜವಾಗ್ಲೂ ಕೂತುಬಿಟ್ಟಿದೀಯಲ್ಲೋ!" ಎಂದು ಸ್ಪಾಸ ಸುತ್ತ ಒಂದು ಪ್ರದಕ್ಷಿಣೆ ಬಂದ. "ಎದ್ದು ಓಡೋ ಹಾಗಿಲ್ವಾ?"

"ಇಲ್ಲ ಸ್ಪಾಸಣ್ಣ. ಎಂಟರ ತನಕ ಇಲ್ಲ."

"ಪಕ್ಕದ ಸೀಟಲ್ಲಿ ಯಾರು?"

"ಯಾರೂ ಇಲ್ಲ."

"ಅದ್ಯಾವ ವಿಮಾನ ಕಣೋ, ಪಕ್ಕ ಖಾಲಿ ಇರೋದು? ಮೂವತ್ತೈದು ವರ್ಷ ರೈಲಲ್ಲಿ ಓಡಾಡಿದೀನಿ, ಪಕ್ಕದ ಸೀಟು ಖಾಲಿ ಇದ್ದಿದ್ದು ನಾನು ಕಂಡಿಲ್ಲ. ಏನಂತೀಯ ವೆನೆತಾ?"

ವೆನೆತಾಗೆ ಅದು ನ್ಯಾಯವೆನಿಸಿತು. ಸ್ಪಾಸ ಪಕ್ಕದಲ್ಲಿ ಕೂತ. ಅವನ ತೊಡೆ ಮೆತೋದಿಯ ಸೀಟಿನ ಕಾಲುಭಾಗವನ್ನು ಆಕ್ರಮಿಸಿತು. ಜೇಬಿನಿಂದ ರಕಿಯಾ ಬ್ರಾಂದಿಯ ಸೀಸೆ ತೆಗೆದು ವಿಮಾನದಲ್ಲಿ ಇದೂ ಕೊಡುತ್ತಾರೆ ಎಂದು ತಾನೇ ಎರಡು ಗುಟುಕು ಕುಡಿದು ಶುರುಮಾಡಿದ. ಅವನ ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಟ್ಟರೆ ಮೇಲಿನ ಮನೆಯವರು ಒಗೆದ ಬಟ್ಟೆಗೆ ಹೊಗೆ ಹಿಡಿಯಿತೆಂದು ನೀರು ಸುರಿಯುತ್ತಾರೆ. ಉಸ್ತುವಾರಿಯಾದವನು ಏನು ಮಾಡುತ್ತಿದ್ದಾನೆ?

"ನೋಡ್ತೀನಿ ಸ್ಪಾಸಣ್ಣ, ವಿಚಾರಿಸ್ತೀನಿ."

"ಎರಡು ವರ್ಷದಿಂದ ಹೀಗೇ ಅಂತೀಯ. ಇವತ್ತಂತೂ ಬಿಡಲ್ಲ. ಕೂತಿದೀಯಲ್ಲ, ಕೇಳು."

ಹೀಗೆ ಅರ್ಧ ಗಂಟೆ ಹೇಳಿ, ಹೇಳಿದ ಆಯಾಸಕ್ಕೆ ಮೆತೋದಿಯ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ಆದರೆ ನಿದ್ದೆಗೆ ಮುಂಚೆ ಅವನು ಹೆಂಡತಿಗೆ ಫೋನು ಮಾಡಿ ಒಂದು ಮಾತು ಹೇಳಿದ್ದ. "ಲೇ, ಮೆತೋದಿ ಕುರ್ಚಿಗೆ ಕಟ್ಕೊಂಡು ಕೂತಿದಾನೆ. ಎಲ್ಲೂ ಓಡೋ ಹಾಗಿಲ್ಲ." ಸ್ಪಾಸನ ಹೆಂಡತಿಗೆ ಒಂದು ಮಾತು ಹೇಳುವುದೂ ಒಂದೇ, ಬ್ಲಾಕಿನ ಬಾಗಿಲಿಗೆ ಅಂಟಿಸುವುದೂ ಒಂದೇ.

ಎಂಟನೆಯ ಮಹಡಿಯಿಂದ ಗಿನ್ಕಜ್ಜಿ ಇಳಿದು ಬಂದಳು. ಎಪ್ಪತ್ತೆಂಟರ ಮುದುಕಿ, ಗಾಳಿ ಎಂದರೆ ಆಗದು. ಬಂದವಳೇ ಕಿಟಕಿ ಮುಚ್ಚಿದಳು.

"ಕಿಡ್ನಿಗೆ ಗಾಳಿ ಬಡಿದ್ರೆ ಏನಾಗುತ್ತೆ ಗೊತ್ತಾ ಮಗಾ? ನಮ್ಮ ಯಜಮಾನ್ರು ಹೋಗಿದ್ದೇ ಹಾಗೆ."

"ಅವ್ರು ಟ್ರ್ಯಾಕ್ಟರ್ ಕೆಳಗೆ ಸಿಕ್ಕಿ ಹೋದದ್ದಲ್ವಾ ಅಜ್ಜಿ?"

"ಟ್ರ್ಯಾಕ್ಟರ್ ಮೇಲೆ ಗಾಳಿ ಇರಲ್ವಾ? ಆ ವಿಮಾನದಲ್ಲಿ ತಲೆ ಮೇಲಿಂದ ಗಾಳಿ ಬಿಡ್ತಾರಂತೆ ಪಾಪಿಗಳು. ತಗೋ, ಇದನ್ನ ಸುತ್ತಿಕೋ."

ಅವಳು ತಂದಿದ್ದು ಕುರಿಯುಣ್ಣೆಯ ಹೆಣೆದ ಪಟ್ಟಿ, ಅಂಗೈ ದಪ್ಪದ್ದು. ಬೇಡವೆಂದರೆ ಅಜ್ಜಿಗೆ ಬೇಜಾರು. ಮೆತೋದಿ ಸುತ್ತಿಕೊಂಡ. ಮುಚ್ಚಿದ ಕಿಟಕಿ, ಮಧ್ಯಾಹ್ನದ ಬಿಸಿಲು, ಹೊಟ್ಟೆಗೆ ಉಣ್ಣೆ, ಕಾಲಿಗೆ ಬಿಗಿ ಚೀಲ, ಭುಜಕ್ಕೆ ಸ್ಪಾಸ. ಹಣೆಯಿಂದ ಬೆವರು ಸುರಿಯತೊಡಗಿತು. ಗಿನ್ಕಜ್ಜಿ ಹಿಂದಿನ ಸೀಟಿನಲ್ಲಿ ಕೂತು, ಸೂರು ಸೋರಿ ತನ್ನ ಮಲಗುವ ಕೋಣೆಯಲ್ಲಿ ನಾಲ್ಕು ಬೋಗುಣಿ ಇಟ್ಟಿರುವ ಕತೆ ಹೇಳಿದಳು. ಪ್ರತಿ ಬೋಗುಣಿಯ ಹೆಸರು ಬಂದಾಗಲೂ ಮಂಡಿಯಿಂದ ಅವನ ಸೊಂಟಕ್ಕೆ ಒಂದು ಗುದ್ದು. ಮೆತೋದಿ ತುಟಿ ಕಚ್ಚಿದ. ವೆನೆತಾ ಬಾಗಿಲಲ್ಲಿ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದಳು.

ಹನ್ನೆರಡಕ್ಕೆ ನೆಲಮಹಡಿಯ ಯೊರ್ದಾಂಕಾ ಟೀಚರ್ ಬಂದರು. ನಲವತ್ತು ವರ್ಷ ಗಣಿತ ಕಲಿಸಿದವರು. ಖಾಲಿಯಿದ್ದ ಮುಂದಿನ ಸೀಟಿನಲ್ಲಿ ಇವನಿಗೆ ಬೆನ್ನು ಮಾಡಿ ಕೂತರು.

"ಮೆತೋದಿಯವರೇ, ನಾನು ನಿಮ್ಮ ಮುಖ ನೋಡಿ ಮಾತಾಡೋಕೆ ಬಂದಿಲ್ಲ. ವಿಮಾನದಲ್ಲಿ ಮುಂದಿನವರು ಹಿಂದಕ್ಕೆ ಒರಗ್ತಾರೆ, ಗೊತ್ತಲ್ಲ?"

"ಗೊತ್ತು ಟೀಚರ್."

ಟೀಚರ್ ಕುರ್ಚಿಯನ್ನು ಹಿಂಗಾಲಿನ ಮೇಲೆ ವಾಲಿಸಿ ಒರಗಿದರು. ಎಪ್ಪತ್ತಾರು ಸೆಂಟಿಮೀಟರು ಐವತ್ತಾಯಿತು. ಕುರ್ಚಿಯ ಬೆನ್ನು ಬಂದು ಮೆತೋದಿಯ ಎರಡೂ ಮಂಡಿಯ ಮೇಲೆ ಕೂತಿತು. ಅವನಿಗೆ ಜೀವ ಬಾಯಿಗೆ ಬಂತು, ಬಾಯಿ ಮಾತ್ರ ತೆರೆಯಲಿಲ್ಲ.

"ನನ್ನ ಗೋಡೆಗೆ ಅಂಟಿಕೊಂಡೇ ಲಿಫ್ಟಿನ ಬಾಗಿಲಿದೆ. ಬೆಳಿಗ್ಗೆ ಆರರಿಂದ ಧಡ್, ಧಡ್. ನಾನು ಲಿಫ್ಟು ಹತ್ತೋಳೇ ಅಲ್ಲ. ಎಲ್ಲ ಮನೆಯವರ ಸಹಿ ಬೇಕಂತೆ, ಅದರ ರಿಪೇರಿಗೆ ನಾನು ಯಾಕೆ ಒಪ್ಪಬೇಕು ಹೇಳಿ."

ಹಿಂದಿನ ಸೀಟಿನಿಂದ ಗಿನ್ಕಜ್ಜಿ ಎದ್ದು ನಿಂತಳು. "ಓ, ಇವರೇನಾ ರಿಪೇರಿ ತಡೆದಿರೋದು! ಆ ಲಿಫ್ಟು ಐದರಲ್ಲೇ ನಿಂತುಬಿಡುತ್ತೆ ಕಣಮ್ಮಾ. ಮಿಕ್ಕ ಮೂರು ಮಹಡಿ ಕಲ್ಲಂಗಡಿ ಹೊತ್ಕೊಂಡು ನಾನು ಹತ್ತಬೇಕು!"

"ಕಲ್ಲಂಗಡಿ ತಿನ್ನಬೇಡಿ."

"ನೀನು ಸದ್ದು ಕೇಳಬೇಡ!"

ಜಗಳ ಮೆತೋದಿಯ ತಲೆಯ ಮೇಲಿಂದ ಹಿಂದಕ್ಕೂ ಮುಂದಕ್ಕೂ ಹಾರಾಡಿತು. ಅಜ್ಜಿ ಬೆರಳು ತೋರಿಸಲು ಬಗ್ಗಿದಾಗಲೆಲ್ಲ ಅವನ ಕತ್ತಿನ ದಿಂಬಿಗೆ ಕೈಯೂರುತ್ತಿದ್ದಳು. ಟೀಚರ್ ಉತ್ತರ ಕೊಡುವಾಗ ಇನ್ನಷ್ಟು ಒರಗುತ್ತಿದ್ದರು. ಸ್ಪಾಸ ಎಚ್ಚರಗೊಂಡು, "ಯಾವ ಸ್ಟೇಷನ್ನು?" ಎಂದು ಕೇಳಿ ಮತ್ತೆ ಮಲಗಿದ. ಮೆತೋದಿ ಕಿವಿಗೆ ರಬ್ಬರ್ ಬೆಂಡು ತುರುಕಿಕೊಂಡು, ಕಣ್ಣಿಗೆ ಪಟ್ಟಿ ಎಳೆದುಕೊಂಡ. ಪ್ರಯಾಣವನ್ನು ಸುಖಕರವಾಗಿಸುವ ಸಾಮಾನೆಲ್ಲ ಮೈಮೇಲಿತ್ತು. ಸುಖ ಒಂದೇ ಇರಲಿಲ್ಲ.

ಆದ್ದರಿಂದ ಆಮೇಲೆ ನಡೆದದ್ದನ್ನು ಅವನು ಸರಿಯಾಗಿ ನೋಡಲೂ ಇಲ್ಲ, ಕೇಳಲೂ ಇಲ್ಲ.

ನಡೆದದ್ದು ಇಷ್ಟು. ವೆನೆತಾ ಕಸದ ಚೀಲ ಹೊರಗಿಡಲು ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ನಾಲ್ಕನೆಯ ಮಹಡಿಯವರೆಗೆ ಜನ ನಿಂತಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಉಸ್ತುವಾರಿ ಒಂದೇ ಜಾಗದಲ್ಲಿ ಸಂಜೆ ಎಂಟರವರೆಗೆ ಸಿಗುತ್ತಾನೆ ಎಂದರೆ ಯಾರು ಬಿಟ್ಟಾರು? ಒಬ್ಬನ ಕೈಯಲ್ಲಿ ಒಡೆದ ನಲ್ಲಿ, ಇನ್ನೊಬ್ಬಳ ಕೈಯಲ್ಲಿ ಹೊಗೆ ಹಿಡಿದ ಹಾಸುಬಟ್ಟೆ. ತಳ್ಳಾಟ, ಕೂಗಾಟ, ನಾ ಮೊದಲು ತಾ ಮೊದಲು. ನಾನೂ ಅಲ್ಲೇ ಇದ್ದೆ, ಪಕ್ಕದ ಮನೆ ನಾಯಿಯ ವಿಷಯಕ್ಕೆ.

ವೆನೆತಾ ಒಂದು ಕ್ಷಣ ಆ ಸಾಲನ್ನು ನೋಡಿದಳು. ವಸಂತದಿಂದ ಬಾಡಿದಂತಿದ್ದ ಅವಳ ಮುಖದಲ್ಲಿ ಕಳೆ ಬಂತು. ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ನಂಬರು ಬರೆದು ತಂದಳು.

"ಯಾರೂ ಗಲಾಟೆ ಮಾಡಬೇಡಿ! ಒಬ್ಬೊಬ್ಬರೇ. ಐದೈದು ನಿಮಿಷ. ವಯಸ್ಸಾದವ್ರು ಮುಂದೆ ಬನ್ನಿ. ನಿಮ್ಮದೇನು, ನಲ್ಲಿನಾ? ಅದು ನಿಮ್ಮನೇ ನಲ್ಲಿ, ನೀವೇ ಸರಿ ಮಾಡಿಸ್ಕೋಬೇಕು, ಹೊರಡಿ. ಮುಂದಿನವರು!"

ನನಗೆ ಸಿಕ್ಕಿದ್ದು ಹದಿನಾಲ್ಕನೆಯ ನಂಬರು. ನಾಯಿಯ ಒಡತಿಗೆ ಹದಿನೈದು. ಹದಿನಾಲ್ಕೂ ಹದಿನೈದೂ ಒಟ್ಟಿಗೆ ಬನ್ನಿ ಎಂದು ಕರೆದು, ನಾಲ್ಕು ನಿಮಿಷದಲ್ಲಿ ನಮ್ಮಿಬ್ಬರ ಎರಡು ವರ್ಷದ ಜಗಳ ಮುಗಿಸಿ, ಕೈ ಕುಲುಕಿಸಿ ಕಳಿಸಿದಳು. ಸ್ಪಾಸ ಗುರುವಾರ ಮಾತ್ರ ಮೆಣಸಿನಕಾಯಿ ಸುಡತಕ್ಕದ್ದು, ಮೇಲಿನವರು ಗುರುವಾರ ಬಟ್ಟೆ ಒಣಹಾಕಕೂಡದು ಎಂದು ತೀರ್ಪು ಕೊಟ್ಟಳು. ಟೀಚರ್ ಮತ್ತು ಗಿನ್ಕಜ್ಜಿಯ ನಡುವೆ ಹೋಗಿ ನಿಂತು ಕೇಳಿದಳು.

"ಟೀಚರ್, ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿ ಸದ್ದು ನಿಲ್ಸಿದ್ರೆ ರಿಪೇರಿಗೆ ಒಪ್ತೀರಾ?"

ಟೀಚರ್ ಒರಗಿದಲ್ಲಿಂದಲೇ ಅವಳ ಕಡೆ ಕತ್ತು ತಿರುಗಿಸಿದರು. "ಇದನ್ನ ಒಂಬತ್ತು ವರ್ಷದಲ್ಲಿ ಯಾರೂ ನನ್ನ ಕೇಳ್ಲಿಲ್ಲ."

ವೆನೆತಾ ಆಗಲೇ ಲಿಫ್ಟಿನ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದ್ದಳು. ಅವನ ತಾಯಿಗೆ ಬೆನ್ನುನೋವಿದ್ದಾಗ ಕ್ಲಿನಿಕ್ಕಿನಲ್ಲಿ ಸರದಿ ಕೊಡಿಸಿದ್ದು ಇವಳೇ. ಗುರುವಾರ ಬರುತ್ತೇನೆ ಎಂದ. ಸೂರು ರಿಪೇರಿ ಮಾಡುವವನ ಮಗುವಿಗೆ ದಡಾರದ ಚುಚ್ಚುಮದ್ದಿನ ದಿನ ಹೊಂದಿಸಿ ಕೊಟ್ಟಿದ್ದಳು. ಮಳೆ ಬರುವ ಮೊದಲು ಶುಕ್ರವಾರವೇ ಬರುತ್ತೇನೆ ಎಂದ. ಪ್ಲೆವೆನ್‌ನಲ್ಲಿ ಕಾಯಿಲೆ ಬೀಳದವರು ಯಾರಿದ್ದಾರೆ?

ಮಧ್ಯೆ ಮಧ್ಯೆ ಅವಳು ತಟ್ಟೆಯಲ್ಲಿ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತಂದು ಗಂಡನ ಮಡಿಲಲ್ಲಿ ಇಡುತ್ತಿದ್ದಳು. ಕಣ್ಣುಪಟ್ಟಿಯೊಳಗಿದ್ದ ಮೆತೋದಿ ಕೈಯಾಡಿಸಿ ಹುಡುಕುವಷ್ಟರಲ್ಲಿ ಸ್ಪಾಸ ಅದನ್ನು ತಿಂದಿರುತ್ತಿದ್ದ. ಮೂರು ಗಂಟೆಗೆ ಮೊದಲ ಸಲ ಬಚ್ಚಲಿಗೆ ಹೋಗಬೇಕಾಯಿತು. ಸ್ಪಾಸನನ್ನು ಎಬ್ಬಿಸಲಾಗದೆ ಅವನನ್ನು ಹತ್ತಿ ಇಳಿದ. ಬಚ್ಚಲಲ್ಲಿ ಬೇರೆಯವರಿದ್ದರು, ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಮೆತೋದಿ ತನ್ನ ಮನೆಯಲ್ಲಿ ತಾನು ಐದನೆಯವನಾಗಿ ನಿಂತು, ಸರದಿ ಬರುವಷ್ಟರಲ್ಲಿ ಕಾಲು ಮರಗಟ್ಟಿ, ಕುಂಟುತ್ತ ಬಂದು ಮತ್ತೆ ಸ್ಪಾಸನನ್ನು ಹತ್ತಿ ಇಳಿದ. ಎರಡನೆಯ ಸಲ ಹೋಗುವ ಧೈರ್ಯ ಮಾಡಲಿಲ್ಲ.

ಆರು ಗಂಟೆಯ ಹೊತ್ತಿಗೆ ಅವನಿಗೆ ಸೊಂಟದ ಕೆಳಗೆ ತನ್ನದೆನ್ನುವುದು ಏನೂ ಉಳಿದಿರಲಿಲ್ಲ. ಒಂದು ನರಳಾಟ ಹೊಟ್ಟೆಯ ಆಳದಿಂದ ಎದ್ದು ಎದ್ದು ಗಂಟಲಿಗೆ ಬರುತ್ತಿತ್ತು. ಬಂದಾಗಲೆಲ್ಲ ಅವನು ಗಂಟೆಯಿಲ್ಲದ ಬಾಗಿಲೊಂದನ್ನು, ಅದರಾಚೆಯ ಮರಳನ್ನು, ಹೆಸರು ಗೊತ್ತಿಲ್ಲದ ಜನರನ್ನು ನೆನೆಸಿಕೊಂಡು ನುಂಗಿಕೊಳ್ಳುತ್ತಿದ್ದ. 

ಆಗ ಟೀಚರ್ ಕುರ್ಚಿ ನೆಟ್ಟಗೆ ಮಾಡಿ ಎದ್ದು, ಕೋಣೆಯಲ್ಲೂ ಅಡಿಗೆಮನೆಯಲ್ಲೂ ತಲೆ ಎಣಿಸಿದರು.

"ಹದಿನೆಂಟು ಮನೆಯವರಿದ್ದೀವಿ. ಸಭೆ ನಡೆಸೋಕೆ ಧಾರಾಳ ಸಾಕು."

ಸಭೆ ಎಂಬ ಮಾತು ರಬ್ಬರ್ ಬೆಂಡನ್ನೂ ದಾಟಿ ಮೆತೋದಿಯ ಕಿವಿಗೆ ಬಿತ್ತು. ಅವನು ಕಣ್ಣುಪಟ್ಟಿ ಮೇಲೆತ್ತಿದ. ಎದುರಿಗೆ ಇಡೀ ಬ್ಲಾಕು. ಕನಸೋ ನನಸೋ ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟ.

"ಸಭೆ ಅಂದ್ರೆ... ನಿಜವಾದ ಸಭೆನಾ?" ಎಂದು ದಿಂಬಿನಿಂದ ಕತ್ತು ಹೊರಚಾಚಿದ. "ಹಾಗಾದ್ರೆ ದಯವಿಟ್ಟು ಹೊಸ ಉಸ್ತುವಾರೀನ ಆರಿಸಿ. ನಿಮಗೆಲ್ಲ ಕೈ ಮುಗೀತೀನಿ. ಒಂಬತ್ತು ವರ್ಷ ಆಯ್ತು ನಂಗೆ."

ಒಬ್ಬರು ಚಾವಣಿ ನೋಡಿದರು, ಒಬ್ಬರು ಬಾಗಿಲು ಎಷ್ಟು ದೂರವಿದೆ ಎಂದು ನೋಡಿದರು. ಆಗ ಗಿನ್ಕಜ್ಜಿ ಬಾಯಿಬಿಟ್ಟಳು.

"ಹೊಸಬರು ಯಾಕೆ? ಬೆಳಿಗ್ಗೆಯಿಂದ ಉಸ್ತುವಾರಿ ಕೆಲಸ ಮಾಡ್ತಿರೋಳು ಇಲ್ಲೇ ನಿಂತಿದಾಳಲ್ಲ!"

ಎಲ್ಲರೂ ವೆನೆತಾಳ ಕಡೆ ತಿರುಗಿದರು. ಅವಳು ಕೈಯಲ್ಲಿದ್ದ ಚೀಟಿಗಳನ್ನು ಬೆನ್ನ ಹಿಂದೆ ಅಡಗಿಸಿ, "ಅಯ್ಯೋ, ನಾನಾ?" ಎಂದಳು. ಬೇಡ ಎನ್ನಲಿಲ್ಲ. ಟೀಚರ್ ಕೈ ಎತ್ತಲು ಹೇಳಿದರು. ಎಲ್ಲರ ಕೈಯೂ ಮೇಲೆದ್ದಿತು. ಮೆತೋದಿ ಎರಡೂ ಕೈ ಎತ್ತಿದ. ಟೀಚರ್ ಒಂದನ್ನು ಕೆಳಗಿಳಿಸಿ, ನಾಲ್ಕನೆಯ ತರಗತಿಯ ಹುಡುಗನಿಗೆ ಹೇಳುವಂತೆ, ಒಂದು ಮನೆಗೆ ಒಂದೇ ಎಂದರು.

ಮೆತೋದಿಯ ಕಣ್ಣಲ್ಲಿ ನೀರು ತುಂಬಿತು. ಒಂಬತ್ತು ವರ್ಷದ ನೊಗ ಒಂದು ನಿಮಿಷದಲ್ಲಿ ಇಳಿದಿತ್ತು. ಇನ್ನು ಸಮುದ್ರದ ದಂಡೆಯಲ್ಲಿ ಮಲಗಿ, ಊರಿಗೆ ಮರಳಿದ ಮೇಲೂ ಶೂ ಹಾಕಿಕೊಂಡೇ ಮೆಟ್ಟಿಲಿಳಿಯಬಹುದು. ಮಂಡಿಯ ನೋವು, ಸೊಂಟದ ನೋವು, ಭುಜದ ಮೇಲಿನ ಸ್ಪಾಸ ಎಲ್ಲವೂ ಹಗುರಾದವು. ಉಳಿದ ಹೊತ್ತನ್ನು ಅವನು ನಗುನಗುತ್ತ ಕಳೆದ. ಜನ ಹೊಸ ಉಸ್ತುವಾರಿಗೆ ಶುಭ ಕೋರಿ ಒಬ್ಬೊಬ್ಬರಾಗಿ ಹೋದರು. ವೆನೆತಾ ಅಡಿಗೆಮನೆಯಲ್ಲಿ ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

ಗಡಿಯಾರದ ಮುಳ್ಳು ಎಂಟರ ಮೇಲೆ ಬಂತು. ಮೆತೋದಿ ನಡುಪಟ್ಟಿ ಬಿಚ್ಚಿ, ಕುರ್ಚಿಯ ಬೆನ್ನು ಹಿಡಿದು, ಎರಡು ಕಂತಿನಲ್ಲಿ ಎದ್ದು ನಿಂತ.

"ಹತ್ತು ಗಂಟೆ!" ಎಂದು ಕೂಗಿದ. "ಒಂದು ಸಲನಾದ್ರೂ ನರಳಿದ್ನಾ? ಹೇಳು!"

ವೆನೆತಾ ಟವೆಲಿನಲ್ಲಿ ಕೈ ಒರೆಸುತ್ತ ಬಂದಳು. "ಇಲ್ಲ ಮೆತೋ. ನಿಜವಾಗ್ಲೂ ಇಲ್ಲ. ನಂಗೇ ನಂಬೋಕಾಗ್ಲಿಲ್ಲ."

"ಮತ್ತೆ? ಆ ಹುಡುಗಿಗೆ ಫೋನ್ ಮಾಡು!"

"ಮಾಡಿದೆ."

"ಯಾವಾಗ?"

"ಏಳೂವರೆಗೆ."

ಮೆತೋದಿ ಹೆಂಡತಿಯ ಕೈ ಹಿಡಿದು ಕುಲುಕಿದ. ಅರ್ಧ ಗಂಟೆ ಮೊದಲೇ ತನ್ನ ಮೇಲೆ ನಂಬಿಕೆ ಇಟ್ಟಳಲ್ಲ ಎಂದು ಅವನ ಎದೆ ಉಬ್ಬಿತು.

"ಹೂಂ ಅಂದ್ಯಾ?"

"ಊಹೂಂ ಅಂದೆ."

ಮೆತೋದಿ ಕುರ್ಚಿಯನ್ನು ಮತ್ತೆ ಹಿಡಿದುಕೊಂಡ.

"ನೋಡು, ಸಿಟ್ಟಾಗಬೇಡ," ಎಂದು ವೆನೆತಾ ಅವನ ತೋಳು ಸವರಿದಳು. "ಗುರುವಾರ ಲಿಫ್ಟಿನವನು ಬರ್ತಾನೆ. ಶುಕ್ರವಾರ ಸೂರಿನವನು. ಸೋಮವಾರ ಮೆಟ್ಟಿಲ ದೀಪದವನು, ಈಗ ತಾನೇ ಒಪ್ಪಿದ. ಉಸ್ತುವಾರಿ ಆಗಿ ಮೂರನೇ ದಿನಕ್ಕೇ ಊರು ಬಿಟ್ರೆ ಜನ ಏನಂತಾರೆ?"

"ನಾ... ನಾನೊಬ್ಬನೇ ಹೋಗಿ ಬರಲಾ?"

"ಎರಡು ಸೀಟೂ ಒಟ್ಟಿಗೇ ಹಿಡಿದಿದ್ದು. ಬೇಡ ಅಂತ ಫೋನ್ ಇಡೋಷ್ಟರಲ್ಲಿ ಬೇರೆ ಯಾರೋ ತಗೊಂಡ್ರಂತೆ."

ಮೆತೋದಿ ಬಾಯಿ ತೆರೆದ. ಹೇಳಬೇಕಾದದ್ದು ತುಂಬ ಇತ್ತು. ನೀನು ಮಾತು ಕೊಟ್ಟಿದ್ದೆ, ನಾನು ಆಣೆ ಇಟ್ಟು ಕೂತೆ, ನೀನು ಮೋಸ ಮಾಡಿದೆ. ಆದರೆ ವೆನೆತಾ ಸ್ಪಾಸನ ಖಾಲಿ ಸೀಟಿನಲ್ಲಿ ಕೂತು, ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಮಾತಾಡತೊಡಗಿದ್ದಳು.

"ಮೂವತ್ತು ವರ್ಷ ಆ ಕಿಟಕಿ ಹಿಂದೆ ಕೂತೆ ಮೆತೋ. ದಿನಾ ಇನ್ನೂರು ಜನ ನನ್ನ ಕೇಳೋರು. ವಸಂತದಿಂದ ಒಬ್ಬರೂ ಏನೂ ಕೇಳಿಲ್ಲ. ಅದಕ್ಕೇ ಆ ದ್ವೀಪ, ಆ ಸಮುದ್ರ ಅಂತ ಕುಣೀತಿದ್ದೆ. ಮನೇಲಿ ಕೂರೋಕಾಗ್ತಿರಲಿಲ್ಲ. ಇವತ್ತು ಬೆಳಗಿಂದ ಎಲ್ರೂ ನನ್ನೇ ಕೇಳಿದ್ರು."

ಅವಳ ಮುಖ ಕೆಂಪಗಾಗಿತ್ತು, ಕೂದಲು ಕೆದರಿತ್ತು, ಮದುವೆಯಾದ ಹೊಸದರಲ್ಲಿ ಇದ್ದಂತೆ ಕಾಣುತ್ತಿದ್ದಳು. ಇವಳ ಮೇಲೆ ಸಿಟ್ಟು ಮಾಡುವುದು ಹೇಗೆಂದು ಮೆತೋದಿಗೆ ಹೊಳೆಯಲಿಲ್ಲ.

"ಹೋಗ್ಲಿ ಬಿಡು," ಎಂದ ಕೊನೆಗೆ. "ನನ್ನ ಕುತ್ತಿಗೆಯಿಂದಂತೂ ಇಳೀತಲ್ಲ. ಇನ್ಮೇಲೆ ಗಂಟೆ ಬಾರಿಸಿದ್ರೆ ನಿಂದು, ನಂದಲ್ಲ."

"ಅದನ್ನೇ ಹೇಳೋಣ ಅಂತಿದ್ದೆ." ವೆನೆತಾ ತಲೆಯೆತ್ತಿದಳು. "ನಾನು ಓಡಾಡ್ತಿರಬೇಕಾಗುತ್ತೆ, ಲಿಫ್ಟಿನ ಹತ್ರ, ಸೂರಿನ ಹತ್ರ. ಜನ ಬಂದಾಗ ಮನೇಲಿ ಯಾರಾದ್ರೂ ಕೂತಿರಬೇಕಲ್ಲ? ದಿನಾ ನೀನು ಕೆಲಸದಿಂದ ಬಂದ್ಮೇಲೆ, ಆರರಿಂದ ಎಂಟರ ತನಕ. ಹತ್ತು ಗಂಟೆ ಕೂತೋನಿಗೆ ಎರಡು ಗಂಟೆ ಯಾವ ಲೆಕ್ಕ? ನಾನು ಎಲ್ರಿಗೂ ಹೇಳಿಬಿಟ್ಟಿದೀನಿ. ಕುರ್ಚಿಗಳನ್ನ ಎತ್ತಬೇಡ, ಹಾಗೇ ಇರ್ಲಿ."

ಅಷ್ಟರಲ್ಲಿ ಗಂಟೆ ಬಾರಿಸಿತು. ಮೆತೋದಿ ಬಾಗಿಲ ಹಿಂದೆ ಅವಿತುಕೊಳ್ಳಲಿಲ್ಲ. ಉಸಿರು ಬಿಗಿಹಿಡಿಯಲೂ ಇಲ್ಲ. ಬಿಗಿ ಕಾಲುಚೀಲದಲ್ಲಿ ಕುಂಟುತ್ತ ಹೋಗಿ ಬಾಗಿಲು ತೆರೆದ. ಏಳನೆಯ ಮಹಡಿಯವರು, ಮಧ್ಯಾಹ್ನ ಊರಲ್ಲಿರಲಿಲ್ಲವಂತೆ, ಒಂದು ದೂರಿತ್ತು.

ಮೆತೋದಿ ಅವರಿಗೆ ಪಕ್ಕದ ಕುರ್ಚಿ ತೋರಿಸಿದ. ತಾನು ಕಿಟಕಿಯ ಬಳಿ ಹೋಗಿ ಕೂತು, "ಹೇಳಿ," ಎಂದ.